ಐದನೆಯದು

ಹುಬ್ಬಳ್ಳಿಯ ಹುಡುಗ ಬೆಂಚಿನ ಮೇಲೆ ಮಾದರಿಗಳನ್ನು ಹರಡಿದ,
ಇಸ್ಪೀಟೆಲೆ ಹಂಚುವವರ ಹಾಗೆ:
ಕುತ್ತಿಗೆಗೆ ಸುತ್ತುವ ಪಟ್ಟಿ, ಮೈಗೆ ಹೊದಿಸುವ ಹಾಳೆ,
ಒರೆಸಿ ಎಸೆಯುವ ಟವೆಲು.
“ಒಮ್ಮೆ ಬಳಸಿ ಬಿಸಾಡಿ ಅಣ್ಣಾ, ಬಿಸಾಡುವುದೇ ಈಗ ಮರ್ಯಾದೆ.”
ನಾನು ಕೇಳಿದ್ದು ಒಂದೇ: ಉಪ್ಪಿಗೆ ಇದು ಹೇಗೆ?
ಅವನಿಗೆ ಅರ್ಥವಾಗಲಿಲ್ಲ.

ಬೈತಖೋಲದ ಕುತ್ತಿಗೆಗಳನ್ನು ಅವನು ನೋಡಿಲ್ಲ.
ಹಗ್ಗ ಉಜ್ಜಿ, ಬಿಸಿಲು ಉಜ್ಜಿ,
ಕಾಲರಿನ ಜಾಗದಲ್ಲಿ ಬೆಂದ ಏಡಿಯ ಬಣ್ಣ.
ಅಲ್ಲಿ ಬ್ಲೇಡು ಇಡುವುದೆಂದರೆ
ಇಳಿತದ ಹೊತ್ತು ಬಂಡೆಗಳ ನಡುವೆ ದೋಣಿ ತಂದಂತೆ.

ಅಪ್ಪನ ಕಾಲಕ್ಕೆ ಒಂದೇ ಬಟ್ಟೆ.
ಬೆಳಿಗ್ಗೆ ಬಂದರಿನ ಗುಮಾಸ್ತ, ಮಧ್ಯಾಹ್ನ ಲಾರಿ ಡ್ರೈವರ್,
ಸಂಜೆ ನಾನು. ಎಲ್ಲರ ಕೂದಲೂ ಎಲ್ಲರ ಬೆನ್ನಿಗೆ.
ಪಟಿಕದ ಕಲ್ಲೊಂದೇ ದವಾಖಾನೆ.
ಯಾರೂ ಸಾಯಲಿಲ್ಲ ಅನ್ನುತ್ತಿದ್ದ.
ತುರಿಸಿಕೊಂಡವರ ಲೆಕ್ಕ ಯಾರು ಇಟ್ಟರು?

ಹೋದ ವರ್ಷ ನಾನೇ ಅಗ್ಗದ ಪಟ್ಟಿ ತಂದೆ,
ಅಂಟು ಇದ್ದದ್ದು, ಮೇಲೆ ಪಾರಿಜಾತದ ಸೆಂಟು.
ಪುರ್ಸೊ ಖಾರ್ವಿ ಎರಡು ಸಲ ಬಂದ, ಮೂರನೆಯ ಸಲ ಬರಲಿಲ್ಲ.
ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದ.
ಬೇರೆ ಅಂಗಡಿ ಹಿಡಿದನೆಂದು ಸಿಟ್ಟಾದೆ,
ಎದೆಯವರೆಗಿನ ಗಡ್ಡ ಕಣ್ಣೆದುರೇ ಇದ್ದರೂ.

ಹೇಳಿದ್ದು ಅವನ ಹೆಂಡತಿ, ಮೀನು ಮಾರುಕಟ್ಟೆಯಲ್ಲಿ,
ಬಂಗಡೆ ಎಣಿಸುತ್ತ, ನನ್ನ ಮುಖ ನೋಡದೆ:
“ನಿಮ್ಮ ಕಾಗದ ನನ್ನ ಗಂಡನ ಕುತ್ತಿಗೆ ತಿಂದಿತು.
ಹೇಳಲು ಅವನಿಗೆ ನಾಚಿಕೆ. ಹನ್ನೊಂದಾಯ್ತು, ಇನ್ನೊಂದು ಹಾಕಲೋ?”
ಹಾಕು ಅಂದೆ. ಬೇರೇನು ಅನ್ನಲಿ.

ಅದಕ್ಕೇ ಈ ಪರೀಕ್ಷೆ.
ಏಳು ಮಾದರಿ, ಏಳು ರಾತ್ರಿ, ನನ್ನದೇ ಕುತ್ತಿಗೆ.
ಉಪ್ಪುನೀರು ಸವರಿ, ಪಟ್ಟಿ ಸುತ್ತಿ ಮಲಗುತ್ತೇನೆ.
ಸುಗಂಧಿ ನಗುತ್ತಾಳೆ: “ಪಾದ್ರಿ ಬಂದರು, ಮಕ್ಕಳೇ, ಎದ್ದು ಕೂರಿ.”
ನೀಲಿಯದು ಎರಡನೆಯ ತಾಸಿಗೆ ಕಡಿಯಿತು.
ಹೊಳಪಿನದು ಬೆವರು ಕುಡಿಯಲಿಲ್ಲ, ಹಿಡಿದು ನಿಲ್ಲಿಸಿತು.
ಬಿದಿರಿನದು ಅಂತ ಕೊಟ್ಟದ್ದು ಒದ್ದೆಯಾಗಿ ಹರಿದು
ಬೆಳಿಗ್ಗೆ ದಿಂಬಿನ ತುಂಬ ಅನ್ನದ ಅಗುಳು.
ಐದನೆಯದು ಬಿಳಿ, ಸುಕ್ಕು ಸುಕ್ಕು,
ವಾಸನೆಯಿಲ್ಲ, ಅಂಟಿಲ್ಲ,
ತಾನೇ ಹಿಗ್ಗಿ ತಾನೇ ಹಿಡಿದುಕೊಂಡಿತು.
ಇದ್ದದ್ದೇ ಮರೆತು ಹಾಗೆಯೇ ಹಾಲು ತರಲು ಹೋದೆ.

ಒಂದಕ್ಕೆ ಎಪ್ಪತ್ತು ಪೈಸೆ ಹೆಚ್ಚು.
ಎಪ್ಪತ್ತು ಪೈಸೆ ಈಗ ಯಾರ ಕಿಸೆಯಲ್ಲೂ ಇಲ್ಲ,
ಆದರೂ ತಿಂಗಳ ಕೊನೆಗೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ.
ಕನ್ನಡಿಯ ಮೇಲಿನ ದೀಪವೊಂದನ್ನು ಬಿಚ್ಚಿಟ್ಟೆ.

ಪುರ್ಸೊ ಬಂದ, ಬೋಟುಗಳು ದಡಕ್ಕೆ ಕಟ್ಟಿದ ಜೂನಿನಲ್ಲಿ.
ನಾನೇನೂ ಹೇಳಲಿಲ್ಲ, ಅವನೂ.
ಪಟ್ಟಿ ಸುತ್ತಲು ಗಡ್ಡ ಎತ್ತಿದೆ:
ಬೆರಳಗಲದ ಕಪ್ಪು ಗೆರೆ, ಕಿವಿಯಿಂದ ಕಿವಿಗೆ,
ನನ್ನದೇ ಕೈಬರಹ.
ಅದರ ಮೇಲೆ ಐದನೆಯದನ್ನು ಸುತ್ತಿದೆ.
ಉಸಿರು ಬಿಗಿಹಿಡಿದು ಕೂತಿದ್ದ.
ಎಡಗೆನ್ನೆ ಮುಗಿಯುವಷ್ಟರಲ್ಲಿ ಗೊರಕೆ.

ಬಲಗೆನ್ನೆಗೆ ನಾನು ಅವಸರ ಮಾಡಲಿಲ್ಲ.