ಎಂಟುನೂರ ಎಪ್ಪತ್ತು ಗ್ರಾಂ

ತ್ಬಿಲಿಸಿಯ ಒಣಸೇತುವೆ.
ಕೆಳಗಿದ್ದ ಹೊಳೆಯ ಕವಲು ಎಂದೋ ರಸ್ತೆಯಾಯಿತಂತೆ,
ಸೇತುವೆಗೆ ಈ ಅಡ್ಡಹೆಸರು ಅಂಟಿಕೊಂಡಿತಂತೆ.
ಬದಿಯಲ್ಲಿ, ಮಾಸಿದ ಮಂಚದ ಹೊದಿಕೆಯ ಮೇಲೆ
ಮುದುಕ ಜುಂಬೆರನ ಅಂಗಡಿ:
ಹಲ್ಲುದುರಿದ ಬಾಚಣಿಗೆ, ಯಾರದೋ ಪದಕಗಳು, ಒಂಟಿ ಚಮಚ,
ಮತ್ತೆ ಹನ್ನೊಂದು ಲೆನ್ಸು,
ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ ಆಮೆಗಳ ಹಾಗೆ.

ನನ್ನದು ಮೊನ್ನೆ ಬಸ್ಸಿನ ಮೆಟ್ಟಿಲ ಮೇಲೆ ಬಿದ್ದು
ಕಣ್ಣು ಕಳೆದುಕೊಂಡಿತ್ತು.
ಇನ್ನೂ ಹದಿನೆಂಟು ದಿನದ ಬೀದಿಗಳು ಬಾಕಿ,
ಕುತೈಸಿ, ಬತೂಮಿ, ಆಮೇಲೆ ಗಡಿಯಾಚೆ ಯೆರೆವಾನ್.
ಒಂದೇ ಚೀಲ. ಎಡಭುಜದಲ್ಲಿ ಹಳೇ ನೋವು.
ಕಿಸೆಯಲ್ಲಿ ಇನ್ನೂರ ಹತ್ತು ಲಾರಿ.
ನಗಬೇಡಿ, ಇಲ್ಲಿ ದುಡ್ಡಿನ ಹೆಸರೇ ಅದು.

ಮೊದಲು ಕೈಗೆ ಬಂದದ್ದು ಉದ್ದನೆಯದು,
ಎಪ್ಪತ್ತರಿಂದ ಇನ್ನೂರರ ತನಕ ಚಾಚುವ ಕತ್ತು.
ತಿರುಗಿಸಿದೆ.
ಬೀದಿಯ ಆ ತುದಿ ಸರ್ರನೆ ಬಂದು ಮೂಗಿಗೆ ತಾಕಿತು.
ಟೋಪಿ ಮಾರುವವನ ಗಲ್ಲದಲ್ಲಿ ಕ್ಷೌರದ ಗಾಯ, ಇವತ್ತಿನದು.
ಅವನ ಪಕ್ಕ, ಚದುರಂಗದ ಹಲಗೆ ಕೊಳ್ಳಲು ಬಂದ ಹೆಂಗಸು
ಬಿಳಿ ರಾಣಿಯನ್ನು ಮೆಲ್ಲಗೆ ಮುಷ್ಟಿಯೊಳಗಿಟ್ಟು
ಉಳಿದ ಕಾಯಿಗಳನ್ನು ಎಣಿಸಿ ಎಣಿಸಿ ತೋರಿಸಿದಳು:
ಒಂದು ಕಡಿಮೆ. ಬೆಲೆ ಇಳಿಸು.
ಮಾತು ಕೇಳಲಿಲ್ಲ, ಕೇಳಿದ್ದರೂ ತಿಳಿಯುತ್ತಿರಲಿಲ್ಲ.
ಬೆರಳ ಲೆಕ್ಕ ತಿಳಿಯಿತು.
ಕೆನ್ನೆ ಬಿಸಿಯಾಯಿತು, ಕದ್ದವನು ನಾನೇ ಅನ್ನುವಂತೆ.
ಕೂಗಿ ಹೇಳಲು ಅಷ್ಟು ದೂರ,
ಸುಮ್ಮನಿರಲು ಇಷ್ಟು ಹತ್ತಿರ.

"ಭಾರ ನೋಡಿದೆಯಾ?" ಅಂದ ಜುಂಬೆರ್.
ಅವನ ಮುರುಕು ಇಂಗ್ಲಿಷು, ನನ್ನ ಮುರುಕು ಇಂಗ್ಲಿಷು
ಒಂದಕ್ಕೊಂದು ಊರುಗೋಲು.
ಲೆನ್ಸನ್ನು ಕಿತ್ತುಕೊಂಡು ಪಕ್ಕದ ನಾನುಲಿಯ ತಕ್ಕಡಿಗೆ ಹಾಕಿದ.
ಅವಳು ಇನ್ನೊಂದು ತಟ್ಟೆಗೆ ಹಸಿರು ಪ್ಲಮ್ಮು ಸುರಿದಳು,
ಸುರಿದಳು, ಇನ್ನೂ ಸುರಿದಳು.
ಎಂಟುನೂರ ಎಪ್ಪತ್ತು ಗ್ರಾಂ ಹುಳಿ.
"ಇದನ್ನು ಕೊರಳಿಗೆ ಕಟ್ಟಿಕೊಂಡು ಹದಿನೆಂಟು ದಿನ ತಿರುಗುತ್ತೀಯಾ?"
ಇಬ್ಬರೂ ನಕ್ಕರು. ಭುಜ ತಾನೇ ಉತ್ತರ ಕೊಟ್ಟಿತು.

ಆಮೇಲೆ ಗಿಡ್ಡನೆಯದು. ಇಪ್ಪತ್ತೆಂಟರಿಂದ ಎಪ್ಪತ್ತು.
ತೂಕ ಎರಡು ಹಿಡಿ ಪ್ಲಮ್ಮು.
"ಸುಳ್ಳು ಹೇಳುವುದಿಲ್ಲ, ಸಂಜೆ ಐದರ ಮೇಲೆ ಇದಕ್ಕೆ ಇರುಳುಗಣ್ಣು.
ಒಳಗೆ ಮರಳಿದೆ, ಐವತ್ತರ ಹತ್ತಿರ ಕರಕರ ಅನ್ನುತ್ತೆ.
ನಾನು ಇದರಲ್ಲೇ ಮೂವತ್ತು ವರ್ಷ ಮದುವೆ ತೆಗೆದೆ.
ಮದುವೆಮನೆಯಲ್ಲಿ ದೂರ ನಿಂತವನಿಗೆ
ಯಾರೂ ವೈನ್ ಹಾಕುವುದಿಲ್ಲ ನೋಡು."
ನೂರ ಎಂಬತ್ತು ಅಂದ. ನೂರ ನಲವತ್ತು ಅಂದೆ.
ನೂರ ಐವತ್ತೈದಕ್ಕೆ ಆತ ಮುಚ್ಚಳ ಹುಡುಕತೊಡಗಿದ.
ಸಿಗಲಿಲ್ಲ. ಜ್ಯಾಮ್ ಬಾಟಲಿಯದೊಂದು ಕೊಟ್ಟ,
ಸರಿಯಾಗಿ ಕೂತಿತು.

ಆಗ ಬಂದಳು ಆ ಚದುರಂಗದವಳು,
ಕಂಕುಳಲ್ಲಿ ಹಲಗೆ, ನಡಿಗೆಯಲ್ಲಿ ಅಗ್ಗದ ಖುಷಿ.
ಅರ್ಧ ಕಿಲೋ ಪ್ಲಮ್ ಕೇಳಿದಳು,
ಕ್ಯಾಮೆರಾ ನೋಡಿದಳು,
ಒಂದೇ ಕೈಯಲ್ಲಿ ಕೂದಲು ತೀಡಿಕೊಂಡು
ತೆಗಿ ಅಂತ ಗಲ್ಲ ಎತ್ತಿದಳು.
ಒಂದೇ ಕೈಯಲ್ಲಿ.
"ಗಮರ್ಜೋಬ" ಅಂದೆ, ಈ ಊರಲ್ಲಿ ನನಗೆ ಬರುವ ಒಂದೇ ಮಾತು.
ಮೂವತ್ತೈದಕ್ಕೆ ತಿರುಗಿಸಿ ಎರಡು ಹೆಜ್ಜೆ ಹತ್ತಿರ ಹೋದೆ.
ಸೋಪಿನ ವಾಸನೆ ಬಂತು.

ಚಿತ್ರದಲ್ಲಿ ಎಲ್ಲಾ ಇದೆ:
ತಕ್ಕಡಿ, ಪ್ಲಮ್ಮಿನ ರಾಶಿ, ನಾನುಲಿಯ ಅರ್ಧ ಮುಖ,
ನಗುವ ಹೆಂಗಸು, ಅವಳ ಮುಚ್ಚಿದ ಎಡಮುಷ್ಟಿ.
ಯೆರೆವಾನಿನ ಹೋಟೆಲಿನಲ್ಲಿ ಕೂತು
ಎಷ್ಟು ಹಿಗ್ಗಿಸಿ ನೋಡಿದರೂ ಮುಷ್ಟಿ ಬಿಚ್ಚುವುದಿಲ್ಲ.
ಬೆರಳ ಸಂದಿಯಲ್ಲೊಂದು ಬಿಳಿ ಚುಕ್ಕೆ.
ಕಿರೀಟದ ತುದಿ ಇರಬಹುದು.
ಮರಳಿನ ಕಣವೂ ಇರಬಹುದು,
ಜುಂಬೆರ್ ಮೊದಲೇ ಹೇಳಿದ್ದ.