ಫ್ಯಾನ್ ಹಚ್ಚಬ್ಯಾಡ್ರಿ

ಭಾಗ್ಯನಗರದ ಕೂದಲ ಗೋದಾಮಿನ್ಯಾಗ
ಗ್ವಾಡಿ ಮ್ಯಾಲ ಒಂದ ಬರಹ:
ಫ್ಯಾನ್ ಹಚ್ಚಬ್ಯಾಡ್ರಿ.
ಹಚ್ಚಿದ್ರ ಮೂರು ದಿನದ ದುಡಿಮಿ ಸೂರಿಗೆ ಹಾರತೈತಿ,
ಯಾರ ತಲಿದೋ ಯಾರ ಬಾಯಾಗೋ.
ಬೆವರು ಕಣ್ಣಿಗಿಳಿದ್ರ ಒರಸಾಕ ಕೈ ಇಲ್ಲ,
ಕೈ ತುಂಬ ಮಂದಿ ಕೂದಲು.

ನಾ ಕುಂದ್ರೋದು ಮೊಳಿ ಹಣಿಗಿ ಮುಂದ.
ಗಂಟು ಬಿಡಿಸಿ, ಎಳದು, ಅಳದು,
ಎಂಟು, ಹತ್ತು, ಹನ್ನೆರಡು ಇಂಚು.
ಹದಿನಾಲ್ಕು, ಅದರ ಮ್ಯಾಲಿಂದು ಅವ್ವನ ಸಾಲಿಗೆ.
ಇಪ್ಪತ್ತಾರರದ್ದು ಸಿಕ್ಕ ದಿನ
ಕೂಸು ಎತ್ತಿದಂಗ ಎತ್ತತಾಳ.

ವೇಲಿನೊಳಗ ಒಂದ ಕಿವಿಗೆ ಇಯರ್‌ಫೋನು.
ಐದು ಮಂದಿ ಹುಡುಗರು, ಕೊರಿಯಾದವರು,
ಒಂದು ಮಾತೂ ತಿಳಿಯಂಗಿಲ್ಲ.
ಆದ್ರ ಮೂರನೇ ಹಾಡಿನ್ಯಾಗ ಸಣ್ಣಾವ ಎಲ್ಲಿ ಉಸರು ತಗೊಂತಾನ
ನನಗ ಗೊತ್ತು.
ಅಲ್ಲೇ ನಾನೂ ತಗೊಂತೀನಿ.
ಹುಲಿಗೆಮ್ಮ ಕೇಳಿದ್ಲು, ಏನಂತಾರ ಅವರು?
ಬಾ ಅಂತಾರ, ಹೋಗಬ್ಯಾಡ ಅಂತಾರ, ಇನ್ನೇನಿರತೈತಿ.
ನೀ ಅವರ ಫ್ಯಾನೇನು?
ಹೂಂ.
ಹಂಗಾದ್ರ ನಿನ್ನ ಒಳಗ ಹೆಂಗ ಬಿಟ್ರು!

ಹೈದರಾಬಾದಿಗೆ ಬರ್ತಾರಂತ ಸುದ್ದಿ ಬಂದದ್ದು ಹೋಳಿ ಮುಂದ.
ಮೊದಲ ದಿನ ನಮ್ಮಂಥವರ ಸಮ್ಮೇಳನ,
ಕುಣಿತ, ಬಾವುಟ, ಫೋಟೋದ ಅಂಗಡಿ,
ಮರುದಿನ ಅವರ.
ಟಿಕೀಟು ಬಿಡೋದು ಗುರುವಾರ ಹನ್ನೆರಡಕ್ಕ.
ಹನ್ನೆರಡಕ್ಕ ತೂಕ.
ಗವಿಸಿದ್ದಪ್ಪ ತಕ್ಕಡಿ ಹಿಡಕೊಂಡು ನಿಂತಿರತಾನ.

ಹತ್ತು ನಿಮಿಷ ಮೊದಲ ಬಚ್ಚಲಕ್ಕ ಹೋದೆ.
ಕಿಟಕಿ ಹಂತೇಕ ಎರಡು ಕಡ್ಡಿ ನೆಟ್‌ವರ್ಕು.
ಹನ್ನೆರಡಾತು. ತೆರಿ ಮ್ಯಾಲ ಒಂದು ಗೆರಿ,
ಗೆರಿ ಮ್ಯಾಲ ಸಣ್ಣ ಮನಷ್ಯಾ ನಡೀತಾನ,
ನಿಮ್ಮ ಮುಂದ ಇರೋರು
ನಲವತ್ತೊಂದು ಸಾವಿರದ ಆರುನೂರಾ ಎರಡು ಮಂದಿ.
ಇಡೀ ಭಾಗ್ಯನಗರ ಎದ್ದು ನಿಂತ್ರೂ ಅಷ್ಟಾಗಂಗಿಲ್ಲ.
ರೇಷನ್ ಪಾಳ್ಯಾಗಾದ್ರ ಕಲ್ಲಿಟ್ಟು ಮನಿಗೆ ಹೋಗಿ
ರೊಟ್ಟಿ ಬಡದು ಬರಬಹುದು.
ಇಲ್ಲಿ ಕಲ್ಲು ಎಲ್ಲಿಡ್ಲಿ?

ರೇಷ್ಮಾಬಾನು ಹೊರಗ ಬಾಗಲಾ ಬಡೀತಾಳ.
ಒಳಗ ಅಂವ ನಡೀತಾನ, ನಿಂದರತಾನ, ನಡೀತಾನ.
ನನ್ನ ಪಾಳಿ ಬರೋದ್ರಾಗ
ಎರಡು ಸಾವಿರದ್ದು ಹೋಗಿತ್ತು, ಮೂರರದ್ದೂ ಹೋಗಿತ್ತು.
ಉಳಿದದ್ದು ಮೂಲಿ ಕುರ್ಚಿ ಒಂದ, ಕಂಬದ ಹಿಂದ.
ನೋಟಕ್ಕ ಅಡ್ಡಿ ಐತಿ ಅಂತ ಖರೇನ ಬರದಿದ್ರು.
ಕೇಳಾಕೇನು ಅಡ್ಡಿ, ಒತ್ತಿದೆ.

ನನ್ನ ರೊಕ್ಕ ಅವ್ವನ ಖಾತೆದಾಗ.
ಓಟಿಪಿ ಅವ್ವನ ಗುಂಡಿ ಫೋನಿಗೆ.
ಫೋನು ಅವ್ವನ ಸ್ವಂಟದಾಗ.
ಹಾಡಿಂದು ಅಂತ ಹೇಳಿದ್ದೆ,
ಎಷ್ಟು ಅಂತ ಹೇಳಿರಲಿಲ್ಲ.
ಅವ್ವಗ ಅಕ್ಷರ ಬರಂಗಿಲ್ಲ. ಅಂಕಿ ಬರತಾವ,
ಕೂದಲಿನ್ಯಾಗ ಕಲತಾವು, ಎರಡೆರಡ ಕೂಡಿ.

ಕಿಟಕಿಯಾಗಿಂದ ಒದರಿದೆ,
ಅವ್ವಾ, ಬಂತೇನು? ಓದು ಲಗೂ!
ಅಷ್ಟೂ ಹಣಿಗಿ ನಿಂತ್ವು.
ಫೋನು ದೂರ ಹಿಡದು, ಕಣ್ಣು ಸಣ್ಣ ಮಾಡಿ,
ಹತ್ತು ಅಂದ್ಲು.
ಹದಿನಾಲ್ಕು.
ಆಮ್ಯಾಲ ನಕ್ಕೋತ, ಇಪ್ಪತ್ತಾರು!
ಉದ್ದನ ಮಾಲು ಬಂತಂತ
ಗವಿಸಿದ್ದಪ್ಪ ತಕ್ಕಡಿ ಎತ್ತಿದ.

ಸಂಜಿಕಡೆ ಝೆರಾಕ್ಸ್ ಅಂಗಡಿ ಹುಡುಗ
ಹಾಲ್ ಟಿಕೀಟೇನು ಅಂದ.
ಹೂಂ ಅಂದೆ.
ಸೆಂಟರು ಎಲ್ಲಿ ಬಿದ್ದೈತಿ?
ಹೈದರಾಬಾದು.
ಅಷ್ಟ್ ದೂರ! ಪಾಸಾಗವಾ ಅಂದು ಎರಡು ರೂಪಾಯಿ ಬಿಟ್ಟ.

ಮನ್ಯಾಗ ಅವ್ವ ಹಾಳಿ ಟ್ಯೂಬ್‌ಲೈಟಿಗೆ ಹಿಡದ್ಲು.
ಫೋನಿನ್ಯಾಗ ಸಣ್ಣಾವನ ಗುಲಾಬಿ ತಲಿ ತೋರಿಸಿದ್ರ
ಬಣ್ಣ ಹಾಕಿ ಸುಟ್ಟಾರ ಪಾಪ,
ಇದಕ್ಕ ಕಿಲೋಕ್ಕ ಏನೂ ಸಿಗಂಗಿಲ್ಲ ಅಂದ್ಲು.
ಮತ್ತ ಮೂಲಿಯಾಗಿನ ಕಪ್ಪು ಚೌಕದ ಮ್ಯಾಲ ಬಟ್ಟಿಟ್ಟು,
ಈ ಗಂಟು ಯಾರು ಬಿಡಸ್ತಾರ?
ಅಲ್ಲಿ ಬಾಗಲದಾಗ ಮಷೀನು ಐತಿ.
ಹರೀಲಾರದಂಗ?
ಹರೀಲಾರದಂಗ.

ಎಷ್ಟಾತು ಅಂದ್ಲು ಆಮ್ಯಾಲ.
ಹೇಳಿದೆ.
ಬಾಳೊತ್ತು ಏನೂ ಅನ್ನಲಿಲ್ಲ.
ಟಿಕೀಟು ರೇಷನ್ ಕಾರ್ಡಿನೊಳಗ ಮಡಿಚಿಟ್ಟು,
ಸೀರಿಗೆ ಹತ್ತಿದ್ದ ಒಂದೆರಡು ಎಳಿ ಬಿಡಿಸಿ ಒಗದು,
ಎದ್ದು ಹೋಗಿ
ಫ್ಯಾನ್ ಹಚ್ಚಿದ್ಲು.