ಕೆಳದವಡೆ, ಎಡಬದಿ

ಜನವರಿ. ಗೋಥೆನ್‌ಬರ್ಗಿನ ಏಳನೇ ನಂಬರಿನ ಟ್ರಾಮು.
ಮೈನಸ್ ಹನ್ನೊಂದು. ಮೂಗು ಕಾಣುವವರೇ ಇಲ್ಲ,
ನಾನೂ ಸೇರಿ: ಉಣ್ಣೆಯ ಮಫ್ಲರು, ಎತ್ತಿದ ಕಾಲರು,
ಬಾಗಿಲ ಬಳಿಯ ಹುಡುಗನಿಗಂತೂ
ಕಣ್ಣಿಗೆರಡು ತೂತಷ್ಟೇ ಬಿಟ್ಟ ಟೋಪಿ.
ಪಾಪ, ಚಳಿ, ಎಂದುಕೊಂಡೆ.

ಅವಳು ಹತ್ತಿದಳು. ಕಪ್ಪು ಬಟ್ಟೆ, ಕಣ್ಣಷ್ಟೇ ಹೊರಗೆ.
ಚಳಿ ಎಂದುಕೊಳ್ಳಲಿಲ್ಲ.

ಕೈಚೀಲ ಮಡಿಲಿಗೆಳೆದುಕೊಂಡೆ;
ಜಾಗ ಬಿಡುವುದಕ್ಕೆ, ಎಂದು ನನಗೆ ನಾನೇ ಹೇಳಿಕೊಂಡೆ.
ಎದುರು ಕೂತಳು. ರೆಪ್ಪೆ ಹೊಡೆಯದೆ ನೋಡಿದಳು.
ಎಂಥ ಬಿರುಸು ಕಣ್ಣು, ಎಂದು ತೀರ್ಪು ಬರೆದೆ.
ಕಣ್ಣು ಕೆಳಗಿಳಿಯಿತು.
ತಲೆ ಎತ್ತಲೂ ಬಿಡುವುದಿಲ್ಲವೇನೋ ಮನೆಯಲ್ಲಿ,
ಎಂದು ಇನ್ನೊಂದು ಬರೆದೆ.
ಎರಡು ನಿಲ್ದಾಣ ದಾಟುವುದರೊಳಗೆ
ಅವಳಿಗೊಬ್ಬ ಗಂಡ, ಅವನಿಗೊಂದು ಗಡ್ಡ, ಬಾಗಿಲಿಗೊಂದು ಬೀಗ
ಎಲ್ಲ ನಾನೇ ಮಾಡಿಕೊಟ್ಟೆ, ಪುಕ್ಕಟೆ.

"ಮುಖ ತೋರಿಸದವರನ್ನು ನಂಬುವುದು ಹೇಗೆ?"
ಎಂದ ಪಕ್ಕದ ಮುದುಕ, ಮಫ್ಲರಿನೊಳಗಿಂದ.
ನಾನು ತಲೆಯಾಡಿಸಿದೆ.
ಆಡಿಸಿದ್ದು ನಿಜ.

ಆಗ ಅವಳು ಮುಂದೆ ಬಾಗಿ,
"ಹಲ್ಲಾಸ್ಪತ್ರೆಯ ಗುನ್ವೊರ್ ಅಲ್ಲವೇ ನೀವು?
ಹುಬ್ಬಿನ ಮೇಲಿನ ಮಚ್ಚೆ ನೋಡಿ ಅನುಮಾನ ಬಂತು.
ನಾನು ಉಬಾಹ್. ಬುದ್ಧಿಹಲ್ಲು. ಕೆಳದವಡೆ, ಎಡಬದಿ."

ಮೂವತ್ತೊಂದು ವರ್ಷ ಹಸಿರು ಮಾಸ್ಕಿನ ಹಿಂದೆ ನಿಂತಿದ್ದವಳು ನಾನು.
ಒಳಗೆ ಯಾರು ನೀನು ಎಂದು ಒಬ್ಬರೂ ಕೇಳಲಿಲ್ಲ.
ಬಾಯಿ ಮುಚ್ಚಿದ್ದರೇನು, ಕಣ್ಣಲ್ಲೇ ನಗಬೇಕು
ಎಂದು ಹೊಸ ಹುಡುಗಿಯರಿಗೆ ಕಲಿಸಿದವಳು.
ನನ್ನ ಕಣ್ಣಿಗೆ ಮಾತು ಬರುತ್ತಿತ್ತು, ಸರಿ.
ಅವಳ ಕಣ್ಣಿಂದ ಇಷ್ಟು ಹೊತ್ತು ನಾನು ಕೇಳಿಸಿಕೊಂಡದ್ದು
ನನ್ನದೇ ದನಿ.

ಅವಳ ಹಲ್ಲು ಒಂದೊಂದನ್ನೂ ಎಣಿಸಿದ್ದೇನೆ.
ನಾಲಿಗೆಯಡಿಯ ನೀಲಿ ನರ, ಅಂಗುಳಿನ ಗೀರು,
ಗಂಡನೆಂಬವನಿದ್ದರೆ ಅವನೂ ಕಾಣದಷ್ಟು ಒಳಗೆ
ದೀಪ ಹಿಡಿದು ನಿಂತಿದ್ದೇನೆ.
ಅವಳು ಕಂಡಿದ್ದು ಎರಡು ಕಣ್ಣು, ಒಂದು ಮಚ್ಚೆ.
ಗುರುತು ಹಿಡಿದವಳು ಅವಳು.

"ಅವತ್ತು ಕೈ ಹಿಡಿದುಕೊಂಡಿದ್ದಿರಿ," ಎಂದಳು.
ಕೆನ್ನೆಯ ಹತ್ತಿರ ಬಟ್ಟೆ ಚೂರು ಮೇಲೆದ್ದಿತು.
ನಕ್ಕಳೇನೋ. ಬರೆಯಹೊರಟವಳು ತಡೆದು, ಕೇಳಿದೆ:
"ಇನ್ನೂ ನೋಯುತ್ತದೆಯೇ?"

"ತಣ್ಣೀರು ಕುಡಿದರೆ, ಒಮ್ಮೊಮ್ಮೆ."

ಮಫ್ಲರು ಇಳಿಸಿ ಮಾತಾಡಬೇಕೆನಿಸಿತು.
ಅಷ್ಟರಲ್ಲಿ ನಿಲ್ದಾಣ ಬಂತು, ಬಾಗಿಲು ತೆರೆಯಿತು,
ಗಾಳಿ ನುಗ್ಗಿತು.
ಇನ್ನಷ್ಟು ಮೇಲಕ್ಕೆಳೆದುಕೊಂಡೆ.